ದುಬಾರಿ ಏಣಿ ನಮಗೆ ಬೇಕೆ?

ಸಂಕ್ರಾಂತಿ ಕಳೆದು ಶಿವರಾತ್ರಿ ಹತ್ತಿರವಾಗುತ್ತಿದ್ದಂತೆ ನಮ್ಮ ಅಂಚೆಟ್ಟಿ ಸೀಮೆಯ ರೈತನ ಕಣ್ಣು ನೆಲವನ್ನು ಬಿಟ್ಟು ಮರದ ಮೇಲಕ್ಕೆ ಹೋಗುತ್ತದೆ. ರಾಗಿ ಮನೆ ಸೇರಿರುತ್ತದೆ. ಹುರುಳಿ, ಅವರೆಗಳ ಒಕ್ಕಣೆ ಮುಗಿದಿರುತ್ತದೆ. ಇನ್ನು ಹುಣಸೆ ಬಲಿತು ಮೇಲಿನ ಸಿಪ್ಪೆ ಒಣಗುವ ಕಾಲ. ಅದು ಮುಗಿಯುವಷ್ಟರಲ್ಲಿ ಮಾವು. ನಡುವೆ ಯುಗಾದಿಗೆ ಮನೆಗೆ ಸುಣ್ಣ ಬಳಿಯಬೇಕು, ಮಳೆಗೆ ಮುಂಚೆ ಹೆಂಚು ಕೈಯಾಡಿಸಬೇಕು. ಈ ನಾಲ್ಕೈದು ತಿಂಗಳು ಏಣಿ ಇಲ್ಲದ ಮನೆಯಲ್ಲಿ ಕೆಲಸ ಸಾಗದು.

ಇಂಥ ಹೊತ್ತಿನಲ್ಲೇ ಹೊಸೂರಿಗೋ ಬೆಂಗಳೂರಿಗೋ ಹೋಗಿ ಬಂದವರು ಒಂದು ಹೊಸ ಸುದ್ದಿ ತರುತ್ತಾರೆ: ಮಡಿಸಿದರೆ ಮೋಟಾರ್ ಸೈಕಲ್ಲಿನ ಹಿಂದೆ ಕಟ್ಟಿ ತರಬಹುದಾದ, ಬಿಚ್ಚಿದರೆ 16 ಅಡಿ ಉದ್ದವಾಗುವ, ಬೇಕೆಂದಾಗ ಅಟ್ಟದಂತೆ ನಿಲ್ಲುವ ಅಲ್ಯೂಮಿನಿಯಂ ಏಣಿಯ ಸುದ್ದಿ. ಬೆಲೆ ಕೇಳಿದರೆ ಐದಾರು ಸಾವಿರದಿಂದ ಹಿಡಿದು 20 ಸಾವಿರ ರೂಪಾಯಿಗೂ ಮೇಲೆ. ಒಂದು ಒಳ್ಳೆಯ ಮೇಕೆಗೋ, ಕೆಲವು ವೇಳೆ ಎರಡು ಮೇಕೆಗೋ ಸಮನಾದ ಹಣ. ಇದನ್ನು ಕೊಳ್ಳಬೇಕೆ, ಬೇಡವೆ ಎಂಬ ಪ್ರಶ್ನೆಯನ್ನು ನನ್ನನ್ನು ಅನೇಕರು ಕೇಳಿದ್ದಾರೆ. ನಾನೂ ನನ್ನನ್ನೇ ಕೇಳಿಕೊಂಡಿದ್ದೇನೆ. ನನಗೆ ತೋಚಿದ ಉತ್ತರವನ್ನು ಇಲ್ಲಿ ಬರೆಯುತ್ತೇನೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುವುದು ಒಳ್ಳೆಯದು. ಮೂರು ವರ್ಷಗಳ ಹಿಂದಿನ ಮಾತು. ನಮ್ಮ ಮನೆಯ ಬಿದಿರೇಣಿಯ ಒಂದು ಮೆಟ್ಟಿಲು ಸೀಳಿತ್ತು. ಹೊಸದನ್ನು ಮಾಡಿಸುವ ಬದಲು ಅದಕ್ಕೆ ಕಂಬಿ ಸುತ್ತಿ ಬಿಗಿದೆ. ಆ ವರ್ಷದ ಹುಣಸೆಗೆ ಬಂದ ಕೂಲಿಯ ಆಳು ಅದೇ ಏಣಿಯನ್ನು ಹತ್ತಿದ. ಇಳಿಯುವಾಗ ಕಂಬಿ ಜಾರಿತು, ಮೆಟ್ಟಿಲು ಕೈಕೊಟ್ಟಿತು. ಎಂಟು ಅಡಿ ಎತ್ತರದಿಂದ ಬಿದ್ದು ಅವನ ಮುಂಗೈ ಮುರಿಯಿತು. ಘಟ್ಟದ ದಾರಿಯಲ್ಲಿ ಜೀಪಿನಲ್ಲಿ ಕೂರಿಸಿಕೊಂಡು ದೂರದ ಪೇಟೆಯ ಆಸ್ಪತ್ರೆಗೆ ಹೋದೆವು. ಆಸ್ಪತ್ರೆಯ ಖರ್ಚನ್ನು ನಾನು ಕೊಟ್ಟೆ. ಆದರೆ ಹುಣಸೆಯ ಸುಗ್ಗಿ ಪೂರ್ತಿ ಅವನು ಮನೆಯಲ್ಲಿ ಕೂತ. ಅವನ ಹೆಂಡತಿ ಒಬ್ಬಳೇ ಕೂಲಿಗೆ ಹೋದಳು. ಹೊಸ ಏಣಿಗೆ ಹಣ ಉಳಿಸಿದೆನೆಂದು ನಾನು ಬರೆದುಕೊಂಡ ಲೆಕ್ಕದ ಪುಸ್ತಕದಲ್ಲಿ ಆ ಮನೆಯ ಎರಡು ತಿಂಗಳ ನಷ್ಟ ಎಲ್ಲಿಯೂ ಇರಲಿಲ್ಲ.

ನಾಚಿಕೆಯಿಂದ, ಇನ್ನು ಮೇಲೆ ಒಳ್ಳೆಯ ಏಣಿಯನ್ನೇ ತರಬೇಕೆಂದು ಹೊಸೂರಿಗೆ ಹೊರಟೆ. ಅಂಗಡಿಯವರು ಏಣಿಯನ್ನು ಬಿಚ್ಚಿ, ಮಡಿಸಿ, ಹತ್ತಿ, ಇಳಿದು ತೋರಿಸಿದರು. ನೋಡಲು ಬಲು ಚೆನ್ನಾಗಿತ್ತು. ಆದರೆ ಅದು ನಿಂತಿದ್ದುದು ನುಣ್ಣನೆಯ ಕಲ್ಲುಹಾಸಿನ ಮೇಲೆ. ನಮ್ಮ ಹುಣಸೆಮರ ನಿಂತಿರುವುದು ಇಳಿಜಾರಿನ ಬದುವಿನ ಮೇಲೆ. ಈ ಒಂದು ವ್ಯತ್ಯಾಸ ನನ್ನ ಕೈಯನ್ನು ಹಿಡಿಯಿತು. ಕೊಳ್ಳದೆ ಹಿಂದಿರುಗಿದೆ, ಆಮೇಲೆ ಯೋಚಿಸಿದೆ.

ಬಹುವಿಧದ ಏಣಿ ಎಂದರೇನು?

ಈ ಏಣಿಯಲ್ಲಿ ಸಾಮಾನ್ಯವಾಗಿ ನಾಲ್ಕು ತುಂಡುಗಳಿದ್ದು ಅವುಗಳ ನಡುವೆ ಕೀಲುಗಳಿರುತ್ತವೆ. ಕೀಲನ್ನು ಒಂದೊಂದು ಕೋನದಲ್ಲಿ ಬೀಗ ಹಾಕಿ ನಿಲ್ಲಿಸಬಹುದು. ಪೂರ್ತಿ ನೆಟ್ಟಗೆ ಮಾಡಿದರೆ ಗೋಡೆಗೆ ಒರಗಿಸುವ ಏಣಿ. ನಡುವೆ ಮಡಿಸಿ ಎರಡು ಕಡೆಯೂ ಕಾಲು ಊರಿದರೆ ಆಸರೆ ಬೇಡದ ಏಣಿ. ಮೇಜಿನಂತೆ ಮಡಿಸಿ ಹಲಗೆ ಹಾಸಿದರೆ ಸುಣ್ಣ ಬಳಿಯುವವರು ನಿಲ್ಲುವ ಅಟ್ಟ. ಇನ್ನೊಂದು ಜಾತಿಯದು ಕೊಳವೆಯೊಳಗೆ ಕೊಳವೆ ಸೇರಿಕೊಂಡು ಕುಗ್ಗುವಂಥದು. ಧೂಳು, ಮಣ್ಣು ಹೊಕ್ಕರೆ ಅದರ ಗುಂಡಿಗಳು ಹಿಡಿದುಕೊಳ್ಳುತ್ತವೆ; ನಮ್ಮ ಹೊಲದ ಕೆಲಸಕ್ಕೆ ಅದು ತಕ್ಕದ್ದಲ್ಲ.

ಅಂಗಡಿಯಲ್ಲಿ ಹೇಳುವ ಉದ್ದವನ್ನು ಕೊಂಚ ಎಚ್ಚರದಿಂದ ಕೇಳಬೇಕು. 16 ಅಡಿ ಎಂಬುದು ಪೂರ್ತಿ ಬಿಚ್ಚಿ ಒರಗಿಸಿದಾಗಿನ ಮಾತು. ಆಸರೆಯಿಲ್ಲದೆ ನಿಲ್ಲಿಸಿದರೆ ಅದರ ಎತ್ತರ ಅರ್ಧಕ್ಕೆ, ಅಂದರೆ 8 ಅಡಿಗಿಂತ ಕಡಿಮೆಗೆ ಇಳಿಯುತ್ತದೆ. ಅದರಲ್ಲೂ ತುದಿಯ ಮೆಟ್ಟಿಲುಗಳ ಮೇಲೆ ನಿಲ್ಲಕೂಡದು. ಹೀಗಾಗಿ 16 ಅಡಿಯ ಏಣಿಯನ್ನು ಕೊಂಡವನು ಮರದಡಿಯಲ್ಲಿ ಅದನ್ನು ಬಿಡಿಯಾಗಿ ನಿಲ್ಲಿಸಿದಾಗ ಅವನ ಕಾಲು ಐದಾರು ಅಡಿ ಎತ್ತರದಲ್ಲಷ್ಟೇ ಇರುತ್ತದೆ.

ಇನ್ನು ತೂಕ ಹೊರುವ ಶಕ್ತಿ. ಒಳ್ಳೆಯ ಏಣಿಯ ಮೇಲೆ ಎಷ್ಟು ಭಾರ ಹೇರಬಹುದೆಂಬ ಚೀಟಿ ಅಂಟಿಸಿರುತ್ತದೆ. ಯೂರೋಪಿನ ಇ.ಎನ್. 131 ಎಂಬ ಮಟ್ಟಕ್ಕೆ ತಕ್ಕಂತೆ ಮಾಡಿದ ಏಣಿ 150 ಕಿಲೋ ಹೊರಬೇಕು. ಅಮೆರಿಕದಲ್ಲಿ ಮನೆಬಳಕೆಯ ಹಗುರ ಏಣಿಗೆ ಸುಮಾರು 91 ಕಿಲೋ, ದುಡಿಮೆಯ ಗಟ್ಟಿ ಏಣಿಗೆ ಸುಮಾರು 136 ಕಿಲೋ ಎಂದು ದರ್ಜೆ ಮಾಡಿದ್ದಾರೆ. ನಮ್ಮ ದೇಶದಲ್ಲಿಯೂ ಏಣಿಗಳ ಸುರಕ್ಷತೆಯ ಬಗ್ಗೆ ಐ.ಎಸ್. 3696 ಎಂಬ ಸಂಹಿತೆಯ ಎರಡನೆಯ ಭಾಗ ಇದೆ. ಏಣಿ ಹತ್ತುವವನ ಮೈಭಾರದ ಜೊತೆಗೆ ಹೆಗಲ ಮೇಲಿನ ಕುಕ್ಕೆ, ಕೈಯಲ್ಲಿನ ಮಚ್ಚು, ಸೊಂಟದ ಹಗ್ಗ ಎಲ್ಲವೂ ಏಣಿಯ ಪಾಲಿಗೆ ಭಾರವೇ. ಆದುದರಿಂದ ಚೀಟಿಯೇ ಇಲ್ಲದ ಅಗ್ಗದ ಅಲ್ಯೂಮಿನಿಯಂ ಏಣಿಯನ್ನು ಕೊಳ್ಳುವುದು ಒಣಬಿದಿರನ್ನು ನಂಬುವುದಕ್ಕಿಂತ ಕೆಟ್ಟದ್ದು. ಬಿದಿರು ಮುರಿಯುವ ಮುನ್ನ ಚಟಚಟ ಎನ್ನುತ್ತದೆ, ಸೀಳು ಕಣ್ಣಿಗೆ ಕಾಣುತ್ತದೆ. ಕೀಲಿನ ಒಳಗೆ ಸವೆದ ಬೀಗ ಏನೂ ಹೇಳುವುದಿಲ್ಲ.

ಇಲ್ಲಿ ಇನ್ನೊಂದು ತೊಡಕಿದೆ. ಆ ಚೀಟಿಯಲ್ಲಿ ಬರೆದಿರುವುದು ಸಾಧಾರಣವಾಗಿ ಇಂಗ್ಲಿಷಿನಲ್ಲಿ. ನಮ್ಮ ಸೀಮೆಯಲ್ಲಿ ಏಣಿ ಹತ್ತುವವರ ಮನೆಮಾತು ಕನ್ನಡ, ತೆಲುಗು, ತಮಿಳು, ಇಲ್ಲವೆ ಲಂಬಾಣಿ. ಕೊಂಡವನು ಓದಿಸಿಕೊಂಡು, ಹತ್ತುವವನಿಗೆ ಬಾಯಿಮಾತಿನಲ್ಲಿ ಹೇಳಿ, ಕೈಯಿಂದ ಮಾಡಿ ತೋರಿಸಬೇಕು. ಇಲ್ಲವಾದರೆ ಆ ಚೀಟಿ ಇದ್ದೂ ಇಲ್ಲದಂತೆ.

ಯಾವ ಕೆಲಸಕ್ಕೆ ಯಾವ ಏಣಿ?

ನಮ್ಮ ಕೆಲಸಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ಹುಣಸೆ. ನಮ್ಮ ಉರಿಗಂ ಊರಿನ ಹೆಸರನ್ನೇ ಹೊತ್ತ ಹುಣಸೆಯ ತಳಿಯೊಂದು ತೋಟಗಾರಿಕೆಯ ಪುಸ್ತಕಗಳಲ್ಲಿದೆ. ಉದ್ದ ಕಾಯಿಗೆ ಅದು ಹೆಸರಾದದ್ದು. ಇಂಥ ಸೀಮೆಯಲ್ಲಿ ಹುಣಸೆಯೇ ಎಷ್ಟೋ ಮನೆಗಳ ಬೇಸಗೆಯ ಆದಾಯ. ಆದರೆ ಬೆಳೆದು ನಿಂತ ಹುಣಸೆಮರ 60, 70 ಅಡಿ ಎತ್ತರ ಹೋಗುತ್ತದೆ. ಏಣಿ ನಮ್ಮನ್ನು ಮೊದಲ ಕವಲಿಗೆ ಮುಟ್ಟಿಸುತ್ತದೆ, ಅಷ್ಟೆ. ಅಲ್ಲಿಂದ ಮೇಲೆ ಮನುಷ್ಯನ ಕೈಕಾಲು ಮತ್ತು ಧೈರ್ಯ. 500 ರೂಪಾಯಿಯ ಏಣಿಯಾದರೂ, 15 ಸಾವಿರದ ಏಣಿಯಾದರೂ ಮುಟ್ಟಿಸುವುದು ಅದೇ ಕವಲಿಗೆ. ಏಣಿ ಹಾಕಿದರೂ ಎಟುಕದ ಫಲಕ್ಕೆ ಏಣಿಯ ಮೇಲೆ ಹಣ ಸುರಿದು ಪ್ರಯೋಜನವೇನು? ಅಲ್ಲಿ ಬೇಕಾದುದು ಗಟ್ಟಿ ಹಗ್ಗ, ಸೊಂಟಕ್ಕೂ ತೊಡೆಗೂ ಕಟ್ಟುವ ಸುರಕ್ಷೆಯ ಪಟ್ಟಿ, ಕೆಳಗೆ ಒಬ್ಬ ಎಚ್ಚರದ ಆಳು.

ಎರಡನೆಯದು ಮಾವು. ಕೃಷ್ಣಗಿರಿ ಜಿಲ್ಲೆಯ ತೋತಾಪುರಿ ತಿರುಳಿನ ಕಾರ್ಖಾನೆಗಳಿಗೆ ಹೋಗುವ ಹಣ್ಣು. ನೆಲಕ್ಕೆ ಬಿದ್ದು ಪೆಟ್ಟಾದರೆ ಬೆಲೆ ಇಳಿಯುತ್ತದೆ. ಇದಕ್ಕೆ ಏಣಿಗಿಂತ ಬಲೆಚೀಲ ಕಟ್ಟಿದ ದೋಟಿಯೇ ಮೇಲು. ನೆಲದ ಮೇಲೆ ನಿಂತವನು ಬೀಳುವುದಿಲ್ಲ. ಏಣಿ ಬೇಕಾದ ಕಡೆಯಲ್ಲಿಯೂ ನಾಲ್ಕು ಕಾಲಿನ ಏಣಿ ನಮ್ಮ ನೆಲಕ್ಕೆ ಹೊಂದದು. ಉತ್ತ ಮಣ್ಣಿನಲ್ಲಿ, ಇಳಿಜಾರಿನಲ್ಲಿ, ನಾಲ್ಕು ಕಾಲುಗಳಲ್ಲಿ ಒಂದು ಅಂತರದಲ್ಲಿ ನಿಂತಿರುತ್ತದೆ. ಅದರ ಕೆಳಗೆ ಕಲ್ಲೊಂದನ್ನು ಇಟ್ಟು ಹತ್ತುವುದು ನಮ್ಮ ಅಭ್ಯಾಸ. ಅಮೆರಿಕದ ಪಶ್ಚಿಮ ತೀರದಲ್ಲಿಯೂ ಜಪಾನಿನಲ್ಲಿಯೂ ಹಣ್ಣಿನ ತೋಟದವರು ಬಳಸುವುದು ಮೂರು ಕಾಲಿನ ಏಣಿಯನ್ನು. ಮುಂದೆ ಮೆಟ್ಟಿಲಿನ ಅಗಲವಾದ ಎರಡು ಕಾಲು, ಹಿಂದೆ ಮರದ ಒಳಗೆ ತೂರಿಸುವ ಒಂದೇ ಕೋಲು. ಒಲೆಗೆ ಮೂರು ಗುಂಡುಕಲ್ಲು ಇಟ್ಟರೆ ಪಾತ್ರೆ ಅಲುಗದು ಎಂಬುದು ನಮ್ಮ ಮನೆಯ ಹೆಂಗಸರಿಗೆಲ್ಲ ಗೊತ್ತು. ಆ ಏಣಿಯ ಗುಟ್ಟೂ ಅಷ್ಟೇ. ಆದರೆ ಅದು ಮೆತ್ತನೆಯ ಮಣ್ಣಿಗೆ ಮಾತ್ರ; ಗಟ್ಟಿ ನೆಲದ ಮೇಲೆ ಹಿಂದಿನ ಕೋಲು ಜಾರುತ್ತದೆ.

ಮೂರನೆಯದು ತೆಂಗು. ಇದಕ್ಕೆ ಮಡಿಸುವ ಏಣಿ ಬೇಡವೇ ಬೇಡ. ಮರಕ್ಕೆ ತೊಡಿಸಿ ಕಾಲಿನಿಂದ ಏರುವ ಯಂತ್ರ ಬಂದಿದೆ. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ‘ತೆಂಗಿನ ಮರದ ಗೆಳೆಯರು’ ಎಂಬ ಹೆಸರಿನಲ್ಲಿ ಆ ಯಂತ್ರದಿಂದ ಮರ ಹತ್ತುವ ತರಬೇತಿಯನ್ನು ಆರಂಭಿಸಿತು. ಹೆಣ್ಣುಮಕ್ಕಳೂ ಅದನ್ನು ಕಲಿತು ದುಡಿಯುತ್ತಿದ್ದಾರೆ.

ನಾಲ್ಕನೆಯದು ಹೊಲದ ಅಟ್ಟಣೆ. ರಾಗಿ ತೆನೆ ಬಿಡುವ ಕಾಲಕ್ಕೆ ಕಾಡಂಚಿನ ಹೊಲಗಳಲ್ಲಿ ಆನೆ, ಹಂದಿಗಳ ಕಾವಲಿಗೆ ಅಟ್ಟಣೆ ಕಟ್ಟಿ ರಾತ್ರಿ ಕೂರುತ್ತೇವೆ. ಅಟ್ಟಣೆಯ ಏಣಿಯನ್ನು ಕತ್ತಲಲ್ಲಿ ಹತ್ತಬೇಕು. ಮಂಜು ಬಿದ್ದು ಮೆಟ್ಟಿಲು ಜಾರುತ್ತಿರುತ್ತದೆ. ಆನೆಯ ಸದ್ದು ಕೇಳಿದರೆ ಓಡಿ ಹತ್ತಬೇಕು. ಆಗ ಒಂದು ಮೆಟ್ಟಿಲು ಕೈಕೊಟ್ಟರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಇದಕ್ಕೆ ದುಬಾರಿ ಏಣಿ ತಕ್ಕುದಲ್ಲ. ಅಟ್ಟಣೆಯ ಏಣಿ ಹಗಲೂ ರಾತ್ರಿಯೂ ಅಲ್ಲೇ ಇರಬೇಕು. 15 ಸಾವಿರದ ವಸ್ತುವನ್ನು ಕಾಡಂಚಿನಲ್ಲಿ ಬಿಟ್ಟು ಬರುವ ಧೈರ್ಯ ಯಾರಿಗಿದೆ? ಅದನ್ನು ಸಂಜೆ ಮನೆಗೆ ತಂದರೆ ಅಟ್ಟಣೆಗೆ ಏಣಿಯೇ ಇಲ್ಲ. ಅಲ್ಲಿಗೆ ಪ್ರತಿವರ್ಷ ಹೊಸದಾಗಿ ಬಿಗಿದ ಬಿದಿರೇಣಿಯೇ ಸರಿ.

ಐದನೆಯದು ಮನೆಯ ಕೆಲಸ. ಸುಣ್ಣ, ಬಣ್ಣ, ಹೆಂಚು, ದೀಪ, ತಾರಸಿಯ ಮೇಲಿನ ನೀರಿನ ತೊಟ್ಟಿ, ಪಂಪಿನ ಕೊಠಡಿಯ ಮಾಡು. ಇಲ್ಲಿ ನೆಲ ಸಮನಾಗಿದೆ, ಎತ್ತರ ಕಡಿಮೆ, ಒಂದು ದಿನದಲ್ಲಿ ಹತ್ತು ಕಡೆ ಏಣಿಯನ್ನು ಬದಲಿಸಬೇಕು. ಬಹುವಿಧದ ಏಣಿಯ ನಿಜವಾದ ಜಾಗ ಇದೇ. ಈ ಕೆಲಸಗಳಿಗೆ ಅದು ಬಿದಿರೇಣಿಗಿಂತ ನೂರು ಪಾಲು ಮೇಲು ಎಂಬುದನ್ನು ಒಪ್ಪಲೇಬೇಕು. ಆದರೆ ಸಿಮೆಂಟಿನ ತಗಡಿನ ಮಾಡಾದರೆ ಏಣಿ ಎಷ್ಟೇ ಒಳ್ಳೆಯದಾಗಿದ್ದರೂ ತಗಡಿನ ಮೇಲೆ ನೇರವಾಗಿ ಕಾಲಿಡಕೂಡದು. ಹಲಗೆ ಹಾಸಿಯೇ ನಡೆಯಬೇಕು.

ಕರೆಂಟಿನ ತಂತಿಯ ಮಾತು

ಅಲ್ಯೂಮಿನಿಯಂ ಏಣಿಯ ಬಗ್ಗೆ ಅಂಗಡಿಯಲ್ಲಿ ಯಾರೂ ಮೊದಲು ಹೇಳದ ವಿಷಯ ಒಂದಿದೆ. ಅದು ವಿದ್ಯುತ್ತನ್ನು ಹರಿಯಬಿಡುವ ಲೋಹ. ನಮ್ಮ ಹೊಲಗಳ ಮೇಲೆ ಪಂಪುಸೆಟ್ಟಿನ ಇ.ಬಿ. ತಂತಿಗಳು ಹಾದು ಹೋಗಿವೆ; ಕೆಲವು ಕಡೆ ಜೋತು ಬಿದ್ದಿವೆ; ಮಾವಿನ ಕೊಂಬೆಗಳ ನಡುವೆಯೇ ಹೋಗಿರುವುದೂ ಉಂಟು. 16 ಅಡಿಯ ಅಲ್ಯೂಮಿನಿಯಂ ಏಣಿಯನ್ನು ನೆಟ್ಟಗೆ ಹಿಡಿದುಕೊಂಡು ಇಂಥ ಹೊಲದಲ್ಲಿ ನಡೆಯುವುದು ಸಾವನ್ನು ಹೆಗಲ ಮೇಲೆ ಹೊತ್ತು ನಡೆದಂತೆ. ಏಣಿಯನ್ನು ಯಾವಾಗಲೂ ಮಲಗಿಸಿ ಹೊರಬೇಕು. ತಂತಿಯಿಂದ ಕಡಿಮೆಯೆಂದರೆ 10 ಅಡಿ ದೂರವಿಲ್ಲದ ಕಡೆ ಅದನ್ನು ಎತ್ತಲೇಕೂಡದು. ಒಣಬಿದಿರಿಗೆ ಈ ಅಪಾಯ ಕಡಿಮೆ. ಆದರೆ ಮಳೆಯಲ್ಲಿ ನೆನೆದ ಬಿದಿರನ್ನೂ, ಹಸಿ ಬಿದಿರಿನ ದೋಟಿಯನ್ನೂ ನಂಬಬಾರದು. ಗಾಜಿನ ನಾರಿನಿಂದ ಮಾಡಿದ, ವಿದ್ಯುತ್ ಹರಿಯದ ಏಣಿಗಳೂ ಸಿಕ್ಕುತ್ತವೆ. ಅವುಗಳ ಬೆಲೆಯೂ ಭಾರವೂ ಹೆಚ್ಚು. ತಂತಿಯ ಹತ್ತಿರವೇ ಕೆಲಸವಿದ್ದರೆ ಲೈನ್‌ಮ್ಯಾನನ್ನು ಕೇಳಿ ಕರೆಂಟು ನಿಲ್ಲಿಸಿಕೊಳ್ಳುವುದೊಂದೇ ದಾರಿ.

ಹಣದ ಲೆಕ್ಕ

ಈಗ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು. ಓದುವವರು ತಮ್ಮ ಊರಿನ ಬೆಲೆಯನ್ನು ಹಾಕಿಕೊಳ್ಳಲಿ. ಏಣಿಗೆ 12,000 ರೂಪಾಯಿ, ಬಾಳಿಕೆ 10 ವರ್ಷ ಎಂದಿಟ್ಟುಕೊಂಡರೆ ವರ್ಷಕ್ಕೆ 1,200 ರೂಪಾಯಿ ಬಿತ್ತು. ಒಂದು ಮನೆಗೆ ಅದು ನಿಜವಾಗಿ ಬೇಕಾಗುವುದು ವರ್ಷದಲ್ಲಿ 12 ದಿನ. ಅಂದರೆ ಏಣಿ ಹೊರಗೆ ಬಂದ ಒಂದೊಂದು ದಿನಕ್ಕೂ 100 ರೂಪಾಯಿ ಬಾಡಿಗೆ ಕೊಟ್ಟಂತೆ. ಉಳಿದ 353 ದಿನ ಅದು ಮೂಲೆಯಲ್ಲಿ ಮಲಗಿರುತ್ತದೆ. ಬಿದಿರೇಣಿಗೆ ಮಾಡಿಸಿದ ಕೂಲಿಯೂ ಸೇರಿ 900 ರೂಪಾಯಿ, ಬಾಳಿಕೆ 3 ವರ್ಷ ಎಂದರೆ ವರ್ಷಕ್ಕೆ 300. ಸಾಲ ಮಾಡಿ ಕೊಂಡರೆ ಬಡ್ಡಿಯನ್ನೂ ಸೇರಿಸಿಕೊಳ್ಳಬೇಕು.

ಇದೇ ಏಣಿಯನ್ನು ಆರು ಮನೆಗಳು ಕೂಡಿ ಕೊಂಡರೆ ಮನೆಗೆ 2,000 ರೂಪಾಯಿ, ವರ್ಷಕ್ಕೆ 200. ಆಗ ಅದು ಬಿದಿರೇಣಿಗಿಂತಲೂ ಅಗ್ಗವಾಯಿತು. ಹಾಗಾಗಿ ಬೆಲೆ ಹೆಚ್ಚೋ ಕಡಿಮೆಯೋ ಎಂಬುದನ್ನು ನಿರ್ಧರಿಸುವುದು ಏಣಿಯ ಮೇಲಿನ ಚೀಟಿಯಲ್ಲ, ಅದನ್ನು ಎಷ್ಟು ದಿನ ಹೊರಗೆ ತೆಗೆಯುತ್ತೇವೆ ಎಂಬುದು.

ಎಲ್ಲರದೂ ಎಂದರೆ ಯಾರದೂ ಅಲ್ಲ, ಆರು ಮನೆಯ ಏಣಿ ಆರು ತಿಂಗಳಲ್ಲಿ ಹಾಳಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಅದಕ್ಕೆ ನಾವು ಮಾಡಿಕೊಂಡ ಏರ್ಪಾಟು ಹೀಗಿದೆ: ಏಣಿ ಒಂದೇ ಮನೆಯಲ್ಲಿ, ಮಳೆಬಿಸಿಲು ತಾಗದ ಕಡೆ ಇರುತ್ತದೆ. ಒಯ್ದವರ ಹೆಸರು, ದಿನ ಒಂದು ಪುಸ್ತಕದಲ್ಲಿ ಬೀಳುತ್ತದೆ. ಒಯ್ಯುವಾಗಲೂ ತಂದಾಗಲೂ ಕೀಲುಗಳ ಬೀಗ, ಕಾಲಿನ ರಬ್ಬರು, ಮೆಟ್ಟಿಲಿನ ಬೆಸುಗೆ ಇವನ್ನು ಇಬ್ಬರೂ ನೋಡುತ್ತಾರೆ. ಹುಣಸೆಗೂ ಇಳಿಜಾರಿನ ಮಾವಿಗೂ ಅದನ್ನು ಕೊಡುವುದಿಲ್ಲ. ಸೊಟ್ಟಗಾದದ್ದನ್ನು ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡುವುದಿಲ್ಲ; ಹಾಗೆ ಬಡಿದ ಅಲ್ಯೂಮಿನಿಯಂ ಅಲ್ಲೇ ಬಿರಿಯುತ್ತದೆ. ಸ್ತ್ರೀಯರ ಸ್ವಸಹಾಯ ಸಂಘಗಳು ಸಾಲದ ಕಂತಿನ ಲೆಕ್ಕವನ್ನು ಕಾಸು ತಪ್ಪದೆ ಇಡುತ್ತಿವೆ. ಒಂದು ಏಣಿಯ ಲೆಕ್ಕ ಅವರಿಗೆ ದೊಡ್ಡದಲ್ಲ. ಸಂಘವೇ ಕೊಂಡು ದಿನಬಾಡಿಗೆಗೆ ಕೊಟ್ಟರೆ ಇನ್ನೂ ಒಳ್ಳೆಯದು.

ಬಿದಿರೇಣಿಯನ್ನು ಮರೆಯಬೇಡಿ

ಹೊಸದರ ಚರ್ಚೆಯಲ್ಲಿ ಹಳೆಯದನ್ನು ಸರಿಯಾಗಿ ಮಾಡುವ ಕ್ರಮವೇ ಮರೆತುಹೋಗುತ್ತಿದೆ. ನಮ್ಮ ಸುತ್ತಿನ ಕಾಡಿನ ಬಹುಭಾಗ ವನ್ಯಜೀವಿಧಾಮಕ್ಕೆ ಸೇರಿದೆ. ಅಲ್ಲಿ ಬಿದಿರಿಗೆ ಕೈ ಹಾಕುವಂತಿಲ್ಲ. ಆದರೆ ನಮ್ಮ ಸ್ವಂತ ಜಮೀನಿನ ಬಿದಿರಿನ ಮಾತು ಬೇರೆ. 2017ರಲ್ಲಿ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗಿ ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಮರವೆಂದು ಎಣಿಸುವುದನ್ನು ಬಿಟ್ಟರು. ಹಳ್ಳದ ಅಂಚಿನಲ್ಲೋ ಬಾವಿಯ ಬದಿಯಲ್ಲೋ ಒಂದು ಮೆಳೆ ಗಟ್ಟಿ ಬಿದಿರನ್ನು ಬೆಳೆಸಿದರೆ ಏಣಿಗೂ ದೋಟಿಗೂ ಅಟ್ಟಣೆಗೂ ಬೇಕಾದಷ್ಟು ಸಿಕ್ಕುತ್ತದೆ.

ಏಣಿಗೆ ಕಡಿಯುವ ಬಿದಿರು ಮೂರು ವರ್ಷಕ್ಕೆ ಕಡಿಮೆಯಿಲ್ಲದೆ ಬಲಿತಿರಬೇಕು. ಎಳೆಯದರಲ್ಲಿ ಸಿಹಿಯ ಅಂಶ ಹೆಚ್ಚಿದ್ದು ಬೇಗನೆ ಕುಟ್ಟೆ ಹಿಡಿಯುತ್ತದೆ. ಮಳೆ ನಿಂತು ಚಳಿ ಬಂದ ಮೇಲೆ ಕಡಿದು, ಎರಡು ಮೂರು ವಾರ ನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ ನೆರಳಿನಲ್ಲಿ ಒಣಗಿಸಬೇಕು. ಮೆಟ್ಟಿಲನ್ನು ಪಕ್ಕದ ಬಿದಿರಿನ ಗಿಣ್ಣಿನ ಹತ್ತಿರವೇ ತೂತು ಕೊರೆದು ಕೂರಿಸಬೇಕು. ಗಿಣ್ಣುಗಳ ನಡುವೆ ಕೊರೆದರೆ ಸೀಳುತ್ತದೆ. ಏಣಿಯ ಬುಡ ಅಗಲ, ತುದಿ ಕಿರಿದು. ಇದೆಲ್ಲ ಮೇದರಿಗೆ ಚೆನ್ನಾಗಿ ತಿಳಿದಿರುವ ವಿದ್ಯೆ. ಅವರಿಗೆ ನ್ಯಾಯವಾದ ಕೂಲಿ ಕೊಟ್ಟು ಮಾಡಿಸಿದರೆ ಏಣಿಯೂ ಉಳಿಯುತ್ತದೆ, ವಿದ್ಯೆಯೂ ಉಳಿಯುತ್ತದೆ. ಮುಖ್ಯವಾದ ಮಾತು: ಸೀಳಿದ ಮೆಟ್ಟಿಲಿಗೆ ಕಂಬಿ ಸುತ್ತಬೇಡಿ. ಸೀಳಿದ ಏಣಿಯನ್ನು ಅದೇ ದಿನ ಕಡಿದು ಒಲೆಗೆ ಹಾಕಿ. ಇಟ್ಟುಕೊಂಡರೆ ಯಾರಾದರೊಬ್ಬರು ಹತ್ತಿಯೇ ಹತ್ತುತ್ತಾರೆ.

ಯಾವ ಏಣಿಯಾದರೂ ಒರಗಿಸುವ ಕ್ರಮ ಒಂದೇ. ತುದಿ ತಾಗುವ ಎತ್ತರದ ನಾಲ್ಕರಲ್ಲಿ ಒಂದು ಪಾಲಿನಷ್ಟು ದೂರದಲ್ಲಿ ಬುಡವಿರಲಿ. 12 ಅಡಿ ಎತ್ತರಕ್ಕೆ 3 ಅಡಿ. ಮಾಡು ಹತ್ತುವುದಾದರೆ ಏಣಿಯ ತುದಿ ಅಂಚಿಗಿಂತ 3 ಅಡಿ ಮೇಲಕ್ಕೆ ಚಾಚಿರಲಿ. ತುದಿಯನ್ನು ಹಗ್ಗದಿಂದ ಕಟ್ಟಿ. ಹತ್ತುವಾಗ ಎರಡು ಕೈ, ಎರಡು ಕಾಲು ಈ ನಾಲ್ಕರಲ್ಲಿ ಮೂರು ಸದಾ ಏಣಿಯ ಮೇಲಿರಲಿ. ಕುಕ್ಕೆಯನ್ನು ಹೊತ್ತು ಇಳಿಯುವ ಬದಲು ಹಗ್ಗದಲ್ಲಿ ಇಳಿಬಿಡಿ.

ಕೊಳ್ಳುವವನೊಬ್ಬ, ಹತ್ತುವವನೊಬ್ಬ

ಇಷ್ಟು ಲೆಕ್ಕ ಹಾಕಿದ ಮೇಲೆಯೂ ಒಂದು ಮಾತು ಉಳಿಯುತ್ತದೆ, ಅದೇ ನನ್ನ ಮನಸ್ಸಿನಲ್ಲಿ ಹೆಚ್ಚು ಕೊರೆದದ್ದು. ಟ್ರಾಕ್ಟರನ್ನು ಕೊಂಡವನು ಬಹುಮಟ್ಟಿಗೆ ತಾನೇ ಓಡಿಸುತ್ತಾನೆ, ಇಲ್ಲವೆ ಅವನ ಮಗ ಓಡಿಸುತ್ತಾನೆ. ಏಣಿಯ ವಿಷಯ ಹಾಗಲ್ಲ. ಕೊಳ್ಳುವವನು ಜಮೀನಿನ ಒಡೆಯ, ಹತ್ತುವವನು ಕೂಲಿಯ ಆಳು. ಬೆಲೆ ಹೆಚ್ಚಾಯಿತೆನ್ನುವುದು ನೆಲದ ಮೇಲೆ ನಿಂತವನ ಬಾಯಿ. ಬಿದ್ದರೆ ಮುರಿಯುವುದು ಮೇಲೆ ನಿಂತವನ ಸೊಂಟ. ಹೊಸೂರಿನ ಕಾರ್ಖಾನೆಗಳಿಗೆ ಹುಡುಗರು ಹೋದ ಮೇಲೆ ಮರ ಹತ್ತುವವರು ಸಿಕ್ಕುವುದೇ ಇಲ್ಲವೆಂದು ನಾವೆಲ್ಲ ಗೊಣಗುತ್ತೇವೆ. ನಿಜವೇ. ಉಳಿದಿರುವವರು ಐವತ್ತು ದಾಟಿದವರು. ಇನ್ನೂ ಹತ್ತುವವರಿಗೆ ನಾವು ಕೊಡುತ್ತಿರುವುದು ಕಂಬಿ ಸುತ್ತಿದ ಏಣಿಯಾದರೆ ಅವರ ಮಕ್ಕಳು ಏಕೆ ಬಂದಾರು?

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಎಂಬ ಅಪಘಾತ ವಿಮೆ 2015ರಲ್ಲಿ ಆರಂಭವಾಯಿತು. 18ರಿಂದ 70 ವರ್ಷದ, ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಉಳಿತಾಯದ ಖಾತೆಯುಳ್ಳ ಯಾರಾದರೂ ಸೇರಬಹುದು. 2022ರಿಂದ ವರ್ಷದ ಕಂತು 20 ರೂಪಾಯಿ. ಅಪಘಾತದಲ್ಲಿ ಸತ್ತರೆ ಇಲ್ಲವೆ ಪೂರ್ತಿ ಅಂಗವಿಕಲರಾದರೆ 2 ಲಕ್ಷ ರೂಪಾಯಿ ಬರುತ್ತದೆ. ನಮ್ಮ ಮರ ಹತ್ತುವ ಆಳಿನ ಹೆಸರಿನಲ್ಲಿ ಈ 20 ರೂಪಾಯಿ ಕಟ್ಟಿಸುವುದು ಒಂದು ಚಹಾ, ಒಂದು ವಡೆಯ ಖರ್ಚು. ಆದರೆ ಮುರಿದು ಮತ್ತೆ ಕೂಡುವ ಕೈಗೆ ಅದರಿಂದ ಏನೂ ಬರುವುದಿಲ್ಲ ಎಂಬುದು ನೆನಪಿರಲಿ. ವಿಮೆ ಇದೆಯೆಂದು ಏಣಿಯನ್ನು ಅಲಕ್ಷ್ಯ ಮಾಡುವಂತಿಲ್ಲ.

ಇದಕ್ಕಿಂತಲೂ ದೂರದ ಆಲೋಚನೆಯೊಂದುಂಟು. ಮರವನ್ನೇ ಕೆಳಗೆ ತರುವುದು. ಮಾವಿನ ಕೊಯ್ಲು ಮುಗಿದ ಕೂಡಲೇ ನಡುವಿನ ನೆಟ್ಟನೆಯ ಕೊಂಬೆಗಳನ್ನು ಸವರಿ ಮರವನ್ನು ಗಿಡ್ಡವಾಗಿ ಇಟ್ಟುಕೊಂಡರೆ ಏಣಿಯ ಅಗತ್ಯವೇ ಅರ್ಧ ಕಳೆಯುತ್ತದೆ. ಹೊಸದಾಗಿ ಹುಣಸೆ ನೆಡುವವರು ಪೆರಿಯಕುಳಂ ತೋಟಗಾರಿಕೆ ಕಾಲೇಜಿನ ಪಿ.ಕೆ.ಎಂ. 1ರಂಥ ಕಸಿ ಗಿಡಗಳನ್ನು ನೆಟ್ಟು, ಎಳೆತನದಿಂದಲೇ ಸವರುತ್ತ ಬಂದರೆ ಬೇಗ ಫಲ ಬರುತ್ತದೆ, ಕೈಗೆ ಎಟುಕುವಷ್ಟರಲ್ಲೇ ಬರುತ್ತದೆ. ನಮ್ಮ ಅಜ್ಜಂದಿರು ನೆಟ್ಟ ಮರಗಳನ್ನು ಕಡಿಯಿರಿ ಎಂದು ನಾನು ಹೇಳುತ್ತಿಲ್ಲ. ನಾವು ನೆಡುವ ಮರವನ್ನು ನಮ್ಮ ಮೊಮ್ಮಕ್ಕಳು ಜೀವ ಕೈಯಲ್ಲಿ ಹಿಡಿದು ಹತ್ತುವಂತಾಗಬಾರದು.

ಒಟ್ಟಿನಲ್ಲಿ ನನ್ನ ಅಭಿಪ್ರಾಯ ಇಷ್ಟು. ಒಂಟಿ ಮನೆಯ ಸಣ್ಣ ಹಿಡುವಳಿದಾರ ಬಹುವಿಧದ ದುಬಾರಿ ಏಣಿಯನ್ನು ಸಾಲ ಮಾಡಿ ಕೊಳ್ಳಬೇಕಾಗಿಲ್ಲ. ಆ ಹಣದ ಒಂದು ಪಾಲಿನಿಂದ ಒಳ್ಳೆಯ ಎರಡು ಬಿದಿರೇಣಿ, ಒಂದು ಸುರಕ್ಷೆಯ ಪಟ್ಟಿ, ಗಟ್ಟಿ ಹಗ್ಗ, ಬಲೆಚೀಲದ ದೋಟಿ ಇಷ್ಟನ್ನೂ ತರಬಹುದು. ಮನೆಯ ಕೆಲಸಕ್ಕೆ ಆರೇಳು ಮನೆಗಳು, ಇಲ್ಲವೆ ಒಂದು ಸಂಘ ಕೂಡಿ ಚೀಟಿಯುಳ್ಳ ಒಂದು ಗಟ್ಟಿ ಏಣಿಯನ್ನು ಕೊಳ್ಳಲಿ. ಆಗ ಅದು ದುಬಾರಿಯೇ ಅಲ್ಲ. ಬಣ್ಣ ಬಳಿಯುವುದನ್ನೋ ವಿದ್ಯುತ್ ಕೆಲಸವನ್ನೋ ದಿನದ ಕಸುಬಾಗಿ ಉಳ್ಳವರು ತಮ್ಮ ಕೆಲಸಕ್ಕೆ ಸರಿಯಾದದ್ದನ್ನು ಒಬ್ಬರೇ ಕೊಂಡರೂ ನಷ್ಟವಿಲ್ಲ. ಏನನ್ನೇ ಕೊಂಡರೂ, ಕೊಳ್ಳುವ ಮುನ್ನ ಹತ್ತುವವನನ್ನು ಒಂದು ಮಾತು ಕೇಳಬೇಕು.

ನಮ್ಮ ಆ ಆಳು ಈಗಲೂ ಕೆಲಸಕ್ಕೆ ಬರುತ್ತಾನೆ. ಮುಂಗೈ ಕೂಡಿದೆ, ಚಳಿಗಾಲದಲ್ಲಿ ನೋಯುತ್ತದೆ ಎನ್ನುತ್ತಾನೆ. ಈಗ ಏಣಿಯನ್ನು ಹತ್ತುವ ಮೊದಲು ಅವನು ಒಂದೊಂದು ಮೆಟ್ಟಿಲನ್ನೂ ಕೈಯಿಂದ ಅಲುಗಿಸಿ ನೋಡುತ್ತಾನೆ. ನನ್ನ ಏಣಿಯ ಮೇಲೆ ಅವನಿಗೆ ಪೂರ್ತಿ ನಂಬಿಕೆ ಮರಳಿಲ್ಲ ಎಂಬುದು ನನಗೆ ಗೊತ್ತು. ಅದು ಸರಿಯೇ ಎಂದು ಸುಮ್ಮನಿರುತ್ತೇನೆ.

ಈ ವಿಷಯದಲ್ಲಿ ಅನುಭವವುಳ್ಳ ರೈತ ಬಂಧುಗಳು, ಮುಖ್ಯವಾಗಿ ಮರ ಹತ್ತುವ ಕೆಲಸದವರು, ತಮ್ಮ ಮಾತನ್ನು ಬರೆದು ಕಳಿಸಿದರೆ, ಇಲ್ಲವೆ ಯಾರಿಂದಲಾದರೂ ಬರೆಸಿ ಕಳಿಸಿದರೆ, ಎಲ್ಲರಿಗೂ ಉಪಕಾರವಾದೀತು.